ಡ್ರಿಪ್ ಪೈಪಿನ ಸುರುಳಿಗೆ ನೇತುಹಾಕುವ ಪಟ್ಟಿ: ಚಳ್ಳಕೆರೆ ಕಡೆಯ ಒಂದು ಎಕರೆ ಈರುಳ್ಳಿ ಹೊಲದ ಪ್ರಕರಣ

ಚಿತ್ರದುರ್ಗ ಜಿಲ್ಲೆಯಲ್ಲಿ ಮುಂಗಾರು ಈರುಳ್ಳಿ ಕಿತ್ತು ಚೀಲ ತುಂಬಿದ ಮೇಲೂ ಹೊಲದಲ್ಲಿ ಒಂದು ದೊಡ್ಡ ಕೆಲಸ ಉಳಿದಿರುತ್ತದೆ: ಡ್ರಿಪ್ ಪೈಪು ಎತ್ತುವುದು. ಮುಂದಿನ ಬೆಳೆಗೆ ಟ್ರ್ಯಾಕ್ಟರ್ ಇಳಿಯಬೇಕಾದರೆ ಸಾಲುದ್ದಕ್ಕೂ ಹಾಸಿದ ಸಣ್ಣ ಪೈಪುಗಳು, ಅಂದರೆ ಲ್ಯಾಟರಲ್‌ಗಳೆಲ್ಲ ಆಚೆ ಬರಬೇಕು. ಬೆಳೆ ಮುಗಿಯುವ ತನಕ ಹೊಲದಲ್ಲಿ ಸರಿಯಾಗಿದ್ದ ಪೈಪು ಆಮೇಲೆ ಶೆಡ್ಡಿನಲ್ಲಿ ಹಾಳಾಗುವುದು ಇಲ್ಲಿ ಹೊಸದಲ್ಲ. ಇಲಿ ಕಡಿಯುತ್ತದೆ. ರಾಶಿಯ ತೂಕಕ್ಕೆ ಅಡಿಯ ಸುರುಳಿ ಚಪ್ಪಟೆಯಾಗುತ್ತದೆ. ಕಟ್ಟಿದ ಕಡೆ ಮಡಿಕೆ ಬೀಳುತ್ತದೆ. ಇವೆಲ್ಲಕ್ಕೂ ಬಹುಮಟ್ಟಿಗೆ ಕಾರಣ ಪೈಪನ್ನು ಕಟ್ಟಿದ ರೀತಿ, ಇಟ್ಟ ರೀತಿ. ಕಟ್ಟಲೂ ನೇತುಹಾಕಲೂ ಆಗುವ, ವರ್ಷ ವರ್ಷ ಅದನ್ನೇ ಬಳಸಬಹುದಾದ ಪಟ್ಟಿಯೊಂದನ್ನು ಇಂಥ ಒಂದು ಹೊಲಕ್ಕೆ ಹೇಗೆ ರೂಪಿಸಲಾಯಿತು ಎಂಬುದರ ಪೂರ್ತಿ ವಿವರ ಇಲ್ಲಿದೆ.

ಹೊಲ ಮತ್ತು ಲೆಕ್ಕ

ಒಂದು ಎಕರೆ, ಕೆಂಪು ಮಣ್ಣು, ಬೋರ್‌ವೆಲ್ ನೀರು. 16 ಮಿ.ಮೀ. ಇನ್‌ಲೈನ್ ಲ್ಯಾಟರಲ್ (ನೀರು ತೊಟ್ಟಿಕ್ಕಿಸುವ ಡ್ರಿಪ್ಪರುಗಳು ಒಳಗೇ ಕೂಡಿರುವ ಪೈಪು), ಸಾಲಿನಿಂದ ಸಾಲಿಗೆ 1.2 ಮೀಟರ್, ಒಂದು ಸಾಲು 50 ಮೀಟರ್ ಉದ್ದ. ಎಕರೆ ಎಂದರೆ 4047 ಚದರ ಮೀಟರ್, 1.2ರಿಂದ ಭಾಗಿಸಿದರೆ ಸುಮಾರು 3370 ಮೀಟರ್ ಪೈಪು, ಅಂದರೆ 67 ಸಾಲು. ಅಕ್ಕಪಕ್ಕದ ಎರಡು ಸಾಲನ್ನು ಜೊತೆಯಾಗಿ ಸುತ್ತಿದರೆ 100 ಮೀಟರಿನ ಒಂದು ಸುರುಳಿ. ಒಟ್ಟು 34 ಸುರುಳಿ.

ಸುರುಳಿಯ ವ್ಯಾಸ 80 ಸೆಂ.ಮೀ. ಇಟ್ಟರೆ ಒಂದು ಸುತ್ತಿಗೆ ಎರಡೂವರೆ ಮೀಟರ್ ಹೋಗುತ್ತದೆ, 100 ಮೀಟರಿಗೆ 40 ಸುತ್ತು. ಕೈಯಲ್ಲಿ ಸುತ್ತಿದ 40 ಎಳೆಗಳನ್ನು ಒತ್ತಿ ಹಿಡಿದರೆ ಕಂತೆಯ ದಪ್ಪ 12ರಿಂದ 13 ಸೆಂ.ಮೀ., ಅದರ ಸುತ್ತಳತೆ 38ರಿಂದ 41 ಸೆಂ.ಮೀ. ಪಟ್ಟಿಯ ಉದ್ದ ನಿಂತಿರುವುದು ಈ ಅಳತೆಯ ಮೇಲೆ. ಅಂದಾಜಿನಲ್ಲಿ ಕತ್ತರಿಸುವ ಬದಲು ಒಂದು ಸುರುಳಿ ಸುತ್ತಿ, ಟೇಪು ಹಿಡಿದು ಅಳೆದ ಮೇಲೆಯೇ ಅಂಗಡಿಗೆ ಹೋಗುವುದು ಒಳ್ಳೆಯದು.

ಇನ್ನು ತೂಕ. 1 ಮಿ.ಮೀ. ಗೋಡೆಯ ಪೈಪು ಮೀಟರಿಗೆ ಸುಮಾರು 45 ಗ್ರಾಂ. ಡ್ರಿಪ್ಪರುಗಳೂ ಸೇರಿ ಒಣಗಿದ ಸುರುಳಿ ಐದು ಕೆ.ಜಿ. ಹತ್ತಿರ ಬರುತ್ತದೆ. ಆದರೆ ಇದೇ ಪೈಪಿನೊಳಗೆ ನೀರು ನಿಂತಿದ್ದರೆ? ಒಳವ್ಯಾಸ 14 ಮಿ.ಮೀ. ಇದ್ದರೆ 100 ಮೀಟರಿಗೆ 15 ಲೀಟರ್ ಹಿಡಿಯುತ್ತದೆ. ಐದು ಕೆ.ಜಿ. ಎಂದು ನೇತುಹಾಕಿದ್ದು ನಿಜವಾಗಿ 20 ಕೆ.ಜಿ. ಆಗಿರಬಹುದು. 34 ಸುರುಳಿಗೆ 170 ಕೆ.ಜಿ. ಎಂದು ಲೆಕ್ಕ ಹಾಕಿದ ತಗಡಿನ ಶೆಡ್ಡಿನ ಆಂಗಲ್ ಮೇಲೆ 680 ಕೆ.ಜಿ. ಬೀಳುತ್ತದೆ. ಸುರುಳಿ ಸುತ್ತಿದ ಮೇಲೆ ಈ ನೀರು ಬಸಿದು ಹೋಗುವುದಿಲ್ಲ. ನೇತುಹಾಕಿದಾಗ ಪ್ರತಿ ಸುತ್ತಿನ ಕೆಳಭಾಗದಲ್ಲೂ ನಿಲ್ಲುತ್ತದೆ. ಹಾಗಾಗಿ ಎಂಡ್ ಕ್ಯಾಪ್ ತೆಗೆದು, ಸಬ್‌ಮೇನ್ (ಸಾಲುಗಳಿಗೆ ನೀರು ಹಂಚುವ ದಪ್ಪ ಪೈಪು) ಕಡೆಯ ತುದಿಯನ್ನು ಬಿಚ್ಚಿ ಎತ್ತಿಹಿಡಿದು, ಪೈಪಿನುದ್ದಕ್ಕೂ ನಡೆದು ನೀರು ಖಾಲಿ ಮಾಡಿದ ಮೇಲೆಯೇ ಸುತ್ತಬೇಕು. ಪಟ್ಟಿ ಎಷ್ಟು ಗಟ್ಟಿಯಿದ್ದರೂ ಈ ಹಂತ ಬಿಡುವಂತಿಲ್ಲ.

ಈಗ ಬಳಕೆಯಲ್ಲಿರುವ ಕಟ್ಟುಗಳು

ಪ್ಲಾಸ್ಟಿಕ್ ಸುತಲಿ ಎಲ್ಲ ಕಡೆ ಸಿಗುತ್ತದೆ, ಎಲ್ಲರೂ ಅದರಲ್ಲೇ ಕಟ್ಟುತ್ತಾರೆ. ತೊಂದರೆ ಅದರ ಸಣ್ಣತನದಲ್ಲಿದೆ. ಎರಡು ಮಿ.ಮೀ. ದಾರದ ಮೇಲೆ ಸುರುಳಿಯ ಭಾರವೆಲ್ಲ ಬಿದ್ದಾಗ ಹೊರಗಿನ ಎಳೆಗಳು ಆ ಗೆರೆಯಲ್ಲೇ ಮಡಚಿಕೊಳ್ಳುತ್ತವೆ. ಮಾರ್ಚ್–ಏಪ್ರಿಲ್‌ನ ಕಾದ ತಗಡಿನಡಿ ಪೈಪು ಮೆತ್ತಗಾಗಿ ಮಡಿಕೆ ಹಾಗೇ ಕೂರುತ್ತದೆ. ಮುಂದಿನ ಬೆಳೆಯಲ್ಲಿ ಆ ಮಡಿಕೆಯಾಚೆಗೆ ನೀರು ಕಡಿಮೆ. ಬೈಂಡಿಂಗ್ ವೈರ್ ಇದಕ್ಕಿಂತಲೂ ಕೆಟ್ಟದ್ದು.

ಕೇಬಲ್ ಟೈ ಚೆನ್ನಾಗಿ ಹಿಡಿಯುತ್ತದೆ, ಆದರೆ ಬಿಚ್ಚಲು ಬರುವುದಿಲ್ಲ. ಕುಡುಗೋಲಿನಿಂದ ಟೈ ಕತ್ತರಿಸುವಾಗ ಅಡಿಯ ಪೈಪಿಗೂ ಗೀರು ಬಿದ್ದಿರುತ್ತದೆ. ನೀರು ಬಿಟ್ಟಾಗ ಚಿಲುಮೆ ಚಿಮ್ಮಿದಾಗಲೇ ಅದು ಗೊತ್ತಾಗುವುದು.

ಒತ್ತಿದರೆ ಕಚ್ಚಿಕೊಂಡು ಸುಲಿದರೆ ಬಿಡುವ ವೆಲ್ಕ್ರೋ ಪಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮೊದಲು ಎಲ್ಲರಿಗೂ ಹೊಳೆಯುವುದು ಅದೇ. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್‌ಗೆ 1941ರಲ್ಲಿ ಈ ಯೋಚನೆ ಬಂದದ್ದು ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿಕೊಂಡ ಕೊಕ್ಕೆಮುಳ್ಳಿನ ಕಾಯಿಯಿಂದ. ಅದೇ ಗುಣ ಹೊಲದಲ್ಲಿ ಅದಕ್ಕೆ ಮುಳುವಾಗುತ್ತದೆ. ಉತ್ತರಾಣಿ ಕಾಳು, ಈರುಳ್ಳಿ ಸಿಪ್ಪೆ, ಹುಲ್ಲಿನ ಚೂರು, ಕೆಂಪು ಧೂಳು ಎಲ್ಲ ಅದರ ಕೊಕ್ಕೆಗಳಲ್ಲಿ ಸೇರಿ ಹಿಡಿತ ಹೋಗುತ್ತದೆ. ಎರಡನೆಯದು ಎಳೆತದ ದಿಕ್ಕು. ವೆಲ್ಕ್ರೋವನ್ನು ಉದ್ದುದ್ದಕ್ಕೆ ಜಾರಿಸಿ ಎಳೆದರೆ ಬಲವಾಗಿ ನಿಲ್ಲುತ್ತದೆ. ತುದಿಯಿಂದ ಸುಲಿದು ಎಳೆದರೆ ಮಗುವಿನ ಕೈಗೂ ಬಿಡುತ್ತದೆ. ಟ್ರೇಲರಿನಲ್ಲಿ ಒಂದರ ಮೇಲೊಂದು ಉಜ್ಜಾಡುವ ಸುರುಳಿಗಳು ಆ ತುದಿಯನ್ನೇ ಸುಲಿಯುತ್ತವೆ. ಹಿಂದೆ ಗೋಂದಿರುವ ವೆಲ್ಕ್ರೋ ಅಂತೂ ಬೇಡವೇ ಬೇಡ: ಶೆಡ್ಡಿನ ಸೆಕೆಗೆ ಗೋಂದು ಕರಗಿ ಜಾರುತ್ತದೆ. ಮನೆಯೊಳಗಿನ ವೈರು ಕಟ್ಟಲು ವೆಲ್ಕ್ರೋ ಒಳ್ಳೆಯದೇ. ಇಲ್ಲಿ ಅದು ಹೊಂದುವುದಿಲ್ಲ.

ಬೀಗ: ಹೆಲ್ಮೆಟ್ಟಿನ ಪಟ್ಟಿಯಲ್ಲಿರುವುದೇ

ಮಣ್ಣು ಮೆತ್ತಿದರೂ ಹಿಡಿಯಬೇಕು, ಎಳೆದಷ್ಟೂ ಬಿಗಿಯಾಗಬೇಕು, ಒಂದೇ ಕೈಯಲ್ಲಿ ಬಿಚ್ಚಬೇಕು. ಈ ಮೂರಕ್ಕೂ ಒದಗಿದ್ದು ಜೋಡಿ ಡಿ-ರಿಂಗ್, ಅಂದರೆ ಇಂಗ್ಲಿಷಿನ D ಆಕಾರದ ಎರಡು ಲೋಹದ ಬಳೆ. ಕೆಲವು ಹೆಲ್ಮೆಟ್ಟುಗಳ ಗದ್ದದ ಪಟ್ಟಿಯಲ್ಲಿರುವುದು ಇದೇ. ಪಟ್ಟಿಯ ತುದಿಯನ್ನು ಎರಡೂ ರಿಂಗುಗಳ ಒಳಗಿಂದ ತಂದು, ಹಿಂದಕ್ಕೆ ಮಡಚಿ, ಹೊರಗಿನ ರಿಂಗಿನ ಮೇಲೆ ಹಾಯಿಸಿ ಒಳಗಿನ ರಿಂಗಿನಡಿ ತೂರಿಸಿ ಎಳೆಯಬೇಕು. ಭಾರ ಬಿದ್ದಾಗ ಎರಡು ರಿಂಗುಗಳೂ ಒಂದಕ್ಕೊಂದು ಒತ್ತಿ ನಡುವಿನ ಪಟ್ಟಿಯನ್ನು ಕಚ್ಚಿಹಿಡಿಯುತ್ತವೆ. ಬಿಚ್ಚಲು ಹೊರಗಿನ ರಿಂಗನ್ನು ಹೆಬ್ಬೆರಳಲ್ಲಿ ಎತ್ತಿದರೆ ಸಾಕು.

ಇದು ಜಾರುವ ಸಂದರ್ಭಗಳೂ ಉಂಟು. 25 ಮಿ.ಮೀ. ಪಟ್ಟಿಗೆ 30 ಮಿ.ಮೀ. ರಿಂಗ್ ಹಾಕಿದರೆ ಪಟ್ಟಿ ಒಂದು ಮೂಲೆಗೆ ಸರಿದು ಓರೆಯಾಗಿ ಜಾರುತ್ತದೆ. ರಿಂಗಿನ ಒಳಅಗಲ ಪಟ್ಟಿಯ ಅಗಲದಷ್ಟೇ ಇರಬೇಕು. ತೆಳುವಾಗಿ ನುಣುಪಾಗಿರುವ ನೈಲಾನ್ ಪಟ್ಟಿಯೂ ಜಾರುತ್ತದೆ. ರಿಂಗಿನಾಚೆ ತುದಿ ಎಂಟು ಸೆಂ.ಮೀ.ಗಿಂತ ಕಡಿಮೆ ಉಳಿದರೆ ಅಲುಗಾಟಕ್ಕೆ ಕಳಚಿಕೊಳ್ಳಬಹುದು. ಇನ್ನು ಬರೀ ತಂತಿ ಬಗ್ಗಿಸಿ ಮಾಡಿದ, ಬಾಯಿ ಬೆಸುಗೆಯಾಗದ ರಿಂಗುಗಳನ್ನು ಅಂಗಡಿಯಲ್ಲೇ ಬೇರ್ಪಡಿಸಿ ಬಿಡಬೇಕು. ಆ ಸಣ್ಣ ಸಂದಿಯಲ್ಲಿ ಪಟ್ಟಿಯ ನೂಲು ಸಿಕ್ಕಿ ಎಳೆ ಎಳೆಯಾಗಿ ಹರಿಯುತ್ತದೆ, ತೂಕ ಬಿದ್ದರೆ ಬಾಯಿಯೂ ತೆರೆಯುತ್ತದೆ. ಮೂರೂವರೆ ಮಿ.ಮೀ. ದಪ್ಪದ, ಬೆಸುಗೆ ಹಾಕಿದ ರಿಂಗ್ ಬೇಕು.

ನೇತುಹಾಕುವ ಕುಣಿಕೆಯೇ ನಿಜವಾದ ಸಮಸ್ಯೆ

ಕಟ್ಟುವುದು ಸುಲಭ. ಕಷ್ಟವಿರುವುದು ಕುಣಿಕೆಯನ್ನು ಎಲ್ಲಿ, ಹೇಗೆ ಹೊಲಿಯಬೇಕು ಎಂಬುದರಲ್ಲಿ. ಸಾಮಾನ್ಯವಾಗಿ ಮಾಡುವುದು ಹೀಗೆ: ಪಟ್ಟಿಯ ನಡುವೆ ಒಂದು ಚಿವುಟು ಎತ್ತಿ, ಬುಡದಲ್ಲಿ ಎರಡು ಸಾಲು ಹೊಲಿಗೆ ಹಾಕಿಬಿಡುವುದು. ನೋಡಲು ಅಚ್ಚುಕಟ್ಟು, ಪಟ್ಟಿಯೂ ಕಡಿಮೆ ಸಾಕು. ಆದರೆ ಸುರುಳಿಯನ್ನು ನೇತುಹಾಕಿದ ಕೂಡಲೇ ಪಟ್ಟಿಯ ಎರಡು ಬದಿಗಳು ಎಡಕ್ಕೂ ಬಲಕ್ಕೂ ಕೆಳಗೆ ಎಳೆಯುತ್ತವೆ. ಬುಡದ ಹೊಲಿಗೆಯನ್ನು ಅವು ಬಾಯಿ ಬಿಡಿಸಿದಂತೆ ಬಿಡಿಸುತ್ತವೆ. ಹತ್ತಿರದಿಂದ ನೋಡಿದರೆ ಕೆಳಗಿನ ಮೊದಲ ಹೊಲಿಗೆ ಬಿಗಿಯಾಗಿ ಬಿಳಿಚಿಕೊಂಡಿರುತ್ತದೆ, ಅದರ ಮೇಲಿನದು ಇನ್ನೂ ಸಡಿಲವಾಗಿಯೇ ಇರುತ್ತದೆ. ಮೊದಲನೆಯದು ಹರಿದ ಮೇಲೆ ಭಾರ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. 40 ಹೊಲಿಗೆ ಇದ್ದರೂ ಒಂದು ಸಲಕ್ಕೆ ಭಾರ ಹೊರುವುದು ಒಂದು ಸಾಲು ಮಾತ್ರ. ದಾರ ದಪ್ಪ ಮಾಡಿದರೂ, ಸಾಲು ಹೆಚ್ಚಿಸಿದರೂ ಈ ದೋಷ ಹೋಗುವುದಿಲ್ಲ; ಎಳೆತದ ದಿಕ್ಕನ್ನೇ ಬದಲಿಸಬೇಕು.

ರಿಂಗಿನ ಹತ್ತಿರವೇ ಒಂದು ಕುಣಿಕೆ ಹೊಲಿಯುವುದು ಇನ್ನೊಂದು ದಾರಿ. ಅದರಲ್ಲಿ ನೇತಾಡುವ ಭಾರ ಬೀಗದ ಮೇಲೆ ಓರೆಯಾಗಿ ಬಿದ್ದು ರಿಂಗುಗಳು ತಿರುಚಿಕೊಳ್ಳುತ್ತವೆ, ಕಚ್ಚು ಬಿಡುತ್ತದೆ. ಬೀಗ ಕಟ್ಟುವ ಕೆಲಸ ಮಾಡಲಿ, ಹೊರುವ ಕೆಲಸ ಬೇರೆ ಕಡೆ ಆಗಲಿ ಎಂಬುದು ಇಲ್ಲಿಂದ ಸ್ಪಷ್ಟವಾಯಿತು.

ಪರಿಹಾರ ಸಂತೆಯ ಚೀಲದ ಹಿಡಿಕೆಯಲ್ಲಿದೆ. ಚೀಲದ ಹಿಡಿಕೆಯ ಎರಡು ಕಾಲುಗಳನ್ನು ಒಂದೇ ಕಡೆ ಹೊಲಿಯುವುದಿಲ್ಲ, ದೂರ ದೂರ ಹೊಲಿಯುತ್ತಾರೆ, ಬಟ್ಟೆಯ ಮೇಲೆ ಚಪ್ಪಟೆಯಾಗಿ. ಅದರಂತೆಯೇ ಬೇರೆ ತುಂಡಿನ ಹಿಡಿಕೆಯೊಂದನ್ನು ತೆಗೆದುಕೊಂಡು, ಎರಡು ಕಾಲುಗಳ ನಡುವೆ 12 ಸೆಂ.ಮೀ. ಬಿಟ್ಟು ಪಟ್ಟಿಯ ಮೇಲೆ ಹೊಲಿಯಲಾಯಿತು. 13 ಸೆಂ.ಮೀ. ದಪ್ಪದ ದುಂಡು ಕಂತೆಯ ಮೇಲೆ ಇವು ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿ ಕೂರುತ್ತವೆ. ಅಲ್ಲಿಂದ ಕೊಕ್ಕೆಯ ಕಡೆಗೆ ಏರುವ ಹಿಡಿಕೆ, ಕೆಳಗಿಂದ ಬರುವ ಪಟ್ಟಿಯ ದಾರಿಯಲ್ಲೇ ನೇರ ಮುಂದುವರಿದಂತಿರುತ್ತದೆ. ಹೊಲಿಗೆಯನ್ನು ಸುಲಿಯುವ ಬಲ ಬಹಳ ಕಡಿಮೆಯಾಗಿ, ಪ್ರತಿ ಕಾಲಿನ ಮೇಲೆ ಚೌಕವಾಗಿ ಹಾಕಿದ ಎಲ್ಲ ಹೊಲಿಗೆಗಳೂ ಒಟ್ಟಿಗೆ ಭಾರ ಹೊರುತ್ತವೆ. ಕಾಲುಗಳನ್ನು ತೀರ ಹತ್ತಿರ, ಐದಾರು ಸೆಂ.ಮೀ.ಗೆ ಹೊಲಿದರೆ ಮತ್ತೆ ಚಿವುಟಿನ ದೋಷವೇ ಬರುತ್ತದೆ. ಸುರುಳಿ ಹೊತ್ತು ನಡೆಯಲೂ ಇದೇ ಹಿಡಿಕೆ ಕೈಗೆ ಸಿಗುತ್ತದೆ.

ಸಾಮಾನು

ಪಟ್ಟಿಗೆ ಮೂರು ಬಗೆ ಸಿಗುತ್ತದೆ, ನೋಡಲು ಒಂದೇ ಥರ. ಪಾಲಿಪ್ರೊಪಿಲಿನ್ ಅಗ್ಗ, ನೀರು ಹೀರುವುದಿಲ್ಲ, ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ನೈಲಾನ್ ಬಲವಾದದ್ದು, ಒದ್ದೆಯಾದರೆ ಹಿಗ್ಗುತ್ತದೆ, ಆಮ್ಲಕ್ಕೆ ತಡೆಯುವುದಿಲ್ಲ. ಪಾಲಿಯೆಸ್ಟರ್ ಈ ಕೆಲಸಕ್ಕೆ ಸರಿಯಾದದ್ದು: ಹಿಗ್ಗು ಕಡಿಮೆ, ಬಿಸಿಲಿಗೆ ಉಳಿದೆರಡಕ್ಕಿಂತ ತಡೆಯುತ್ತದೆ. ಯಾವುದೆಂದು ಅಂಗಡಿಯಲ್ಲಿ ಹೇಳದಿದ್ದರೆ ಒಂದು ಸಣ್ಣ ಚೂರನ್ನು ಸೋಪು ಬೆರೆಸಿದ ನೀರಿಗೆ ಹಾಕಿ ಗುಳ್ಳೆ ಹೋಗುವಂತೆ ಹಿಂಡಬೇಕು. ತೇಲಿದರೆ ಪಾಲಿಪ್ರೊಪಿಲಿನ್. ನೈಲಾನ್, ಪಾಲಿಯೆಸ್ಟರ್ ಎರಡೂ ಮುಳುಗುತ್ತವೆ. ಮಂಚಕ್ಕೆ ನೇಯುವ ಹತ್ತಿಯ ನವಾರು ಮುಟ್ಟಲು ಹಿತ, ರಿಂಗಿನಲ್ಲಿ ಜಾರುವುದೂ ಇಲ್ಲ, ಆದರೆ ಮಣ್ಣಿನ ತೇವ ಹಿಡಿದು ಮುಗ್ಗುತ್ತದೆ.

ಒಂದು ಪಟ್ಟಿಗೆ ಬೇಕಾದದ್ದು: 25 ಮಿ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿ 66 ಸೆಂ.ಮೀ. ಮೈಗೆ, 30 ಸೆಂ.ಮೀ. ಹಿಡಿಕೆಗೆ, ಒಟ್ಟು 96. ಡಿ-ರಿಂಗ್ ಎರಡು. 34 ಪಟ್ಟಿಗೆ 33 ಮೀಟರ್ ಆಗುತ್ತದೆ, ಕತ್ತರಿಸುವ ನಷ್ಟ ಸೇರಿಸಿ 35 ಮೀಟರ್ ಮತ್ತು 70 ರಿಂಗ್ ತಂದರೆ ಸರಿ. ದಾರ ಪಾಲಿಯೆಸ್ಟರಿನದೇ ಇರಬೇಕು. ಪಟ್ಟಿ ಕೊಳೆಯದಿದ್ದರೂ ಹತ್ತಿ ದಾರ ಕೊಳೆತು ಹೊಲಿಗೆ ಬಿಟ್ಟುಕೊಂಡ ಚೀಲಗಳನ್ನು ಎಲ್ಲರೂ ಕಂಡಿರುತ್ತಾರೆ.

ಹೊಲಿಸಲು ಬ್ಯಾಗು, ಸೀಟ್ ಕವರ್ ಹೊಲಿಯುವವರ ಬಳಿಗೇ ಹೋಗಬೇಕು. ಚಿತ್ರದುರ್ಗದಲ್ಲೂ ಇದ್ದಾರೆ, ಸಾಮಾನು ಹೆಚ್ಚು ಬಗೆ ಬೇಕೆಂದರೆ ದಾವಣಗೆರೆ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ಎರಡು ಊರುಗಳ ನಡುವೆ ಇಂಥ ವ್ಯವಹಾರ ಇಂದಿಗೂ ಒಂದೇ ಊರಿನಂತೆ ನಡೆಯುತ್ತದೆ. ಮನೆಯ ಹೊಲಿಗೆ ಯಂತ್ರದಲ್ಲಿ ಎರಡು ಪದರ ಪಟ್ಟಿ ಹೇಗೋ ಹೋಗಬಹುದು, ಆದರೆ ಸೂಜಿ ಬಾಗುತ್ತದೆ, ಹೊಲಿಗೆ ತಪ್ಪುತ್ತದೆ.

ಹೊಲಿಯುವ ಕ್ರಮ

ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ತುದಿಯನ್ನು ಮೇಣದಬತ್ತಿಯ ಉರಿಗೆ ಹತ್ತಿರ ಹಿಡಿದು ನೂಲು ಕರಗಿ ಕೂಡುವಂತೆ ಮಾಡಬೇಕು. ಉರಿಯೊಳಗೇ ಹಿಡಿದರೆ ಕಪ್ಪು ಗಂಟು ಕಟ್ಟುತ್ತದೆ, ಆ ಗಂಟು ಆಮೇಲೆ ರಿಂಗಿನಲ್ಲಿ ತೂರುವುದಿಲ್ಲ, ಪೈಪನ್ನೂ ಗೀರುತ್ತದೆ. ಮೈಪಟ್ಟಿಯ ಬಾಲದ ತುದಿಯನ್ನು ಓರೆಯಾಗಿ ಕತ್ತರಿಸಿದರೆ ರಿಂಗಿಗೆ ಪೋಣಿಸುವುದು ಸಲೀಸು. ಬಾಲವನ್ನು ಮಡಚಿ ಹೊಲಿಯಬಾರದು. ಪ್ರತಿ ಸಲ ಪೂರ್ತಿ ಬಿಚ್ಚಿ ಸುರುಳಿಯ ಸುತ್ತ ಹಾಕಬೇಕಾದ ಪಟ್ಟಿ ಇದು.

ಇನ್ನೊಂದು ತುದಿಯನ್ನು ಎರಡೂ ರಿಂಗುಗಳ ಚಪ್ಪಟೆ ಬದಿಯಲ್ಲಿ ತೂರಿಸಿ 5 ಸೆಂ.ಮೀ. ಹಿಂದಕ್ಕೆ ಮಡಚಬೇಕು. 4 ಸೆಂ.ಮೀ. ಉದ್ದದ ಚೌಕ, ಅದರೊಳಗೆ ಗುಣಾಕಾರದ ಗುರುತಿನಂತೆ ಅಡ್ಡ ಹೊಲಿಗೆ. ಅಂಚಿನಿಂದ 3 ಮಿ.ಮೀ. ಒಳಗಿರಲಿ. ಹೊಲಿಗೆಯ ಉದ್ದ 3ರಿಂದ 4 ಮಿ.ಮೀ.; ತೀರ ಒತ್ತಾಗಿ ಹೊಲಿದರೆ ಗಟ್ಟಿಯಾಗುತ್ತದೆ ಎಂಬುದು ತಪ್ಪು ಎಣಿಕೆ, ಸೂಜಿಯ ತೂತುಗಳು ಸಾಲಾಗಿ ಸೇರಿ ಪಟ್ಟಿ ಅಲ್ಲೇ ಹರಿಯುತ್ತದೆ. ಶುರುವಿಗೂ ಕೊನೆಗೂ ಮೂರು ಹೊಲಿಗೆ ಹಿಂದೆಮುಂದೆ ಓಡಿಸಬೇಕು.

ಹಿಡಿಕೆಗೆ ಚಾಕ್‌ಪೀಸಿನ ಗುರುತು: ರಿಂಗಿನಿಂದ 5 ಸೆಂ.ಮೀ.ಗೆ ಮೊದಲ ಕಾಲಿನ ಚೌಕ ಶುರುವಾಗಿ 9ಕ್ಕೆ ಮುಗಿಯುತ್ತದೆ. 21ರಿಂದ 25ರವರೆಗೆ ಎರಡನೆಯ ಕಾಲು. ಎರಡೂ ಕಾಲುಗಳ ತುದಿ ಹೊರಮುಖವಾಗಿ, ಅಂದರೆ ಒಂದು ರಿಂಗಿನ ಕಡೆಗೆ, ಇನ್ನೊಂದು ಬಾಲದ ಕಡೆಗೆ ಇರಬೇಕು. ನಡುವೆ 22 ಸೆಂ.ಮೀ. ಹಿಡಿಕೆ ಸಡಿಲವಾಗಿ ಎದ್ದು ನಿಲ್ಲುತ್ತದೆ. ಹೊಲಿಯುವವರು ಅಭ್ಯಾಸಬಲದಿಂದ ಕಾಲುಗಳನ್ನು ಒಳಮುಖವಾಗಿ ಮಡಚಿ ಹೊಲಿದುಬಿಡಬಹುದು; ಆಗ ಭಾರ ಬಿದ್ದೊಡನೆ ಚೌಕ ಅಂಚಿನಿಂದ ಸುಲಿಯುತ್ತದೆ. ಮೊದಲ ಪಟ್ಟಿ ಮುಗಿದಾಗ ಪಕ್ಕದಲ್ಲಿ ನಿಂತು ನೋಡಿ ಉಳಿದದ್ದಕ್ಕೆ ಹೇಳುವುದು ಲೇಸು.

ತಯಾರಾದ ಪಟ್ಟಿ ರಿಂಗಿನಿಂದ 61 ಸೆಂ.ಮೀ. ಉದ್ದ. 41 ಸೆಂ.ಮೀ. ಸುತ್ತಳತೆಗೆ 20 ಸೆಂ.ಮೀ. ಬಾಲ ಉಳಿಯುತ್ತದೆ, ಹಿಡಿದು ಎಳೆಯಲು ಅಷ್ಟು ಬೇಕು.

ಪರೀಕ್ಷೆ

ನೀರು ತುಂಬಿದ 20 ಲೀಟರಿನ ಕ್ಯಾನ್ ನೀರುಂಡ ಸುರುಳಿಯಷ್ಟೇ ತೂಗುತ್ತದೆ. ಪಟ್ಟಿಯನ್ನು ಸುಮಾರು 13 ಸೆಂ.ಮೀ. ದಪ್ಪದ ಮರದ ತುಂಡಿಗೆ ಬಿಗಿದು, ಆ ತುಂಡಿನ ಎರಡೂ ತುದಿಗೆ ಹಗ್ಗ ಹಾಕಿ ಕ್ಯಾನ್ ತೂಗುಬಿಡಬೇಕು. ಬಾಲ ರಿಂಗಿನಿಂದ ಹೊರಬರುವಲ್ಲಿ ಚಾಕ್‌ಪೀಸಿನ ಗೆರೆ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡಿದಾಗ ಗೆರೆ ಅಲ್ಲೇ ಇರಬೇಕು, ಹಿಡಿಕೆಯ ಚೌಕಗಳ ಒಳಅಂಚಿನಲ್ಲಿ ದಾರ ಬಿಳಿಚಿರಬಾರದು. ಗೆರೆ ಸರಿದಿದ್ದರೆ ರಿಂಗಿನ ಅಗಲವನ್ನೋ ಪಟ್ಟಿಯ ನುಣುಪನ್ನೋ ನೋಡಬೇಕು. ದಾರ ಬಿಳಿಚಿದ್ದರೆ ಕಾಲುಗಳ ಅಂತರವನ್ನು. ಎಲ್ಲ ಪಟ್ಟಿಗಳನ್ನೂ ಪರೀಕ್ಷಿಸಬೇಕಿಲ್ಲ, ಒಂದೊಂದು ಹೊಲಿಗೆಯ ಸರದಿಯಿಂದ ಒಂದೆರಡು ಸಾಕು.

ಶೆಡ್ಡಿನಲ್ಲಿ

ಸುರುಳಿಗೆ ಮೂರು ಕಡೆ ಕಟ್ಟು ಬೇಕು. ಮೇಲಿನದು ಈ ಪಟ್ಟಿ. ಉಳಿದ ಎರಡು ಕಡೆ ಭಾರವಿಲ್ಲ, ಎಳೆ ಚದುರದಿದ್ದರೆ ಸಾಕು. ಹಳೆಯ ಬೈಕ್ ಟ್ಯೂಬನ್ನು ಎರಡು ಬೆರಳಗಲಕ್ಕೆ ಉದ್ದವಾಗಿ ಸೀಳಿ ಕಟ್ಟಿದರೆ ಆಯಿತು. ಪಟ್ಟಿಯನ್ನು ಪೈಪು ಚಪ್ಪಟೆಯಾಗುವಷ್ಟು ಬಿಗಿಯಬಾರದು. ಪಟ್ಟಿಗೂ ಪೈಪಿಗೂ ನಡುವೆ ಒಂದು ಬೆರಳು ಒತ್ತಿ ತೂರುವಂತಿದ್ದರೆ ಹದ.

ಮುಚ್ಚಿದ ಹಿಡಿಕೆಯನ್ನು ಶೆಡ್ಡಿನ ಉದ್ದನೆಯ ಅಡ್ಡ ಪೈಪಿಗೆ ನೇರ ಪೋಣಿಸಲು ಆಗದು. 6 ಮಿ.ಮೀ. ಸರಳನ್ನು ಎಸ್ ಆಕಾರಕ್ಕೆ ಬಗ್ಗಿಸಿದ ಕೊಕ್ಕೆ ಬೇಕು, ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿರಬೇಕು. ಒಂದು ಕೊಕ್ಕೆಗೆ ಒಂದೇ ಸುರುಳಿ. ನೆಲದಿಂದಲೂ ಗೋಡೆಯಿಂದಲೂ ಆದಷ್ಟು ದೂರ ಇದ್ದಷ್ಟೂ ಇಲಿಗೆ ನೆಗೆದು ಹತ್ತುವುದು ಕಷ್ಟ. ಮೇಲಿನ ಆಂಗಲ್ ಮೇಲಿಂದ ಇಳಿಯುವ ಇಲಿಯನ್ನು ಯಾವ ಪಟ್ಟಿಯೂ ತಡೆಯದು. ಅಲ್ಲಿ ಧಾನ್ಯ, ಹಿಂಡಿ ಚೀಲ ಇಡದಿರುವುದೇ ಉಪಾಯ. ತಗಡಿಗೆ ತಾಗುವಷ್ಟು ಎತ್ತರಕ್ಕೂ ಏರಿಸಬಾರದು, ಸೆಕೆಗೆ ಪೈಪು ಮೆತ್ತಗಾಗುತ್ತದೆ.

ಸಾಲಿನ ಉದ್ದವನ್ನೋ ಡ್ರಿಪ್ಪರ್ ಅಂತರವನ್ನೋ ಹಿಡಿಕೆಯ ಮೇಲೆ ಪೇಂಟ್ ಮಾರ್ಕರಿನಲ್ಲಿ ಬರೆದಿಟ್ಟರೆ ಮುಂದಿನ ಬಿತ್ತನೆಯ ಹೊತ್ತಿಗೆ ಸುರುಳಿ ಬಿಚ್ಚಿ ಹುಡುಕಬೇಕಿಲ್ಲ. ಪೈಪು ಹೊಲಕ್ಕೆ ಹೋದ ಮೇಲೆ ಖಾಲಿ ಪಟ್ಟಿಗಳನ್ನು ಅದೇ ಕೊಕ್ಕೆಗಳಿಗೆ ನೇತುಹಾಕಬೇಕು. 34 ಕೊಕ್ಕೆ, 34 ಪಟ್ಟಿ. ಒಂದು ಕಡಿಮೆಯಾದರೂ ಕಣ್ಣಿಗೆ ಬೀಳುತ್ತದೆ.

ಆಮ್ಲದ ಬಗ್ಗೆ ಒಂದು ಎಚ್ಚರ. ಬೋರಿನ ಗಡಸು ನೀರಿನ ಉಪ್ಪು ಕಟ್ಟಿದ ಡ್ರಿಪ್ಪರು ತೆರೆಯಲು ಹೈಡ್ರೋಕ್ಲೋರಿಕ್ ಆಮ್ಲ ಹಾಯಿಸುವವರು ಆಮೇಲೆ ಶುದ್ಧ ನೀರು ಬಿಟ್ಟು ಪೂರ್ತಿ ತೊಳೆದೇ ಪೈಪು ಸುತ್ತಬೇಕು. ಉಳಿದ ಆಮ್ಲ ರಿಂಗಿನ ಲೇಪ ತಿನ್ನುತ್ತದೆ, ತುಕ್ಕು ಹಿಡಿದ ರಿಂಗ್ ಪಟ್ಟಿಯನ್ನು ಅರದಂತೆ ಉಜ್ಜುತ್ತದೆ. ಪಟ್ಟಿಗಳನ್ನು ವರ್ಷಕ್ಕೊಮ್ಮೆ ಸೋಪಿನ ನೀರಲ್ಲಿ ನೆನೆಸಿ ಮಣ್ಣು ಬಿಡಿಸಿ ನೆರಳಲ್ಲಿ ಒಣಗಿಸಿದರೆ ಸಾಕು. ಅಂಚು ಹರಿದು ನೂಲು ಎದ್ದ ಪಟ್ಟಿ, ಒಂದಾದರೂ ಹೊಲಿಗೆ ಬಿಟ್ಟ ಚೌಕ, ಬಾಗಿದ ರಿಂಗ್ ಕಂಡರೆ ಅದನ್ನು ಬದಿಗಿಡಬೇಕು. ರಿಂಗ್ ಚೆನ್ನಾಗಿದ್ದರೆ ಬಿಚ್ಚಿ ಹೊಸ ಪಟ್ಟಿಗೆ ಹಾಕಬಹುದು.

ಬೇರೆ ಅಳತೆಗೆ

ಸುರುಳಿ ದಪ್ಪವಿದ್ದರೆ ಮೈಪಟ್ಟಿಯ ಉದ್ದ ಕಂತೆಯ ಸುತ್ತಳತೆಗೆ 25 ಸೆಂ.ಮೀ. ಕೂಡಿಸಿದಷ್ಟು, ಹಿಡಿಕೆಯ ಕಾಲುಗಳ ಅಂತರ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. 20 ಮಿ.ಮೀ. ಲ್ಯಾಟರಲ್, ಸ್ಪ್ರೇಯರಿನ ಹೋಸು, ಮನೆಯ ತೋಟದ ಪೈಪು ಎಲ್ಲಕ್ಕೂ ಇದೇ ಲೆಕ್ಕ ನಡೆಯುತ್ತದೆ. ಸಬ್‌ಮರ್ಸಿಬಲ್ ಮೋಟರಿನ ಚಪ್ಪಟೆ ಕೇಬಲ್ಲಿಗೆ ನಡೆಯುವುದಿಲ್ಲ: ಆಳದ ಬೋರಿನ ತಾಮ್ರದ ಕೇಬಲ್ ಸುರುಳಿ 40 ಕೆ.ಜಿ. ದಾಟಬಹುದು, ಅದಕ್ಕೆ 50 ಮಿ.ಮೀ. ಪಟ್ಟಿ, ಎರಡು ಹಿಡಿಕೆ, ಬೇರೆಯೇ ಪರೀಕ್ಷೆ ಬೇಕು. ಬೋರಿನಿಂದ ಮೋಟರ್ ಎತ್ತುವಾಗ, ಪೈಪು ತಡೆದು ಹಿಡಿಯುವಾಗ, ಕೈಗೆ ಸಿಕ್ಕಿತೆಂದು ಈ ಪಟ್ಟಿಯನ್ನು ಯಾವ ಕಾರಣಕ್ಕೂ ಹಾಕಬಾರದು.